ಐದನೆಯ ಕಾರಣ

ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಭತ್ತದ ಸುಗ್ಗಿಯಲ್ಲಿ ಅಪಘಾತವಾದರೆ ಎರಡು ಮಾತು ಬಲುಬೇಗ ಕೇಳಿಬರುತ್ತವೆ. ಒಂದು, ಬ್ರೇಕ್ ಫೇಲ್ ಆಯಿತು. ಇನ್ನೊಂದು, ಹಣೇಬರಹ. ಮೊದಲನೆಯ ಮಾತು ಹೊಣೆಯನ್ನು ಕಬ್ಬಿಣದ ಮೇಲೆ ಹೊರಿಸುತ್ತದೆ, ಎರಡನೆಯದು ದೇವರ ಮೇಲೆ. ನಡುವೆ ಇದ್ದ ಮನುಷ್ಯ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ವಿಧಿ ಎಂಬುದೇ ಇಲ್ಲ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ವಿಧಿಯನ್ನು ನಂಬುವ ನಮ್ಮ ಶಾಸ್ತ್ರಗಳೇ ಅದನ್ನು ಎಲ್ಲಿ ಕೂರಿಸಿವೆ ಎಂದು ನೋಡಿದರೆ ಸಾಕು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವ ಕೆಲಸಕ್ಕೂ ಐದು ಕಾರಣಗಳಿವೆ ಎನ್ನುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಕೊನೆಗೆ ದೈವ. ಕೆಲಸ ನಡೆಯುವ ನೆಲೆ, ಮಾಡುವವನು, ಅವನ ಸಾಧನಗಳು, ಅವನ ಬಗೆಬಗೆಯ ಕ್ರಿಯೆಗಳು, ಇವೆಲ್ಲ ಆದ ಮೇಲೆ ಐದನೆಯದಾಗಿ ದೈವ. ಈ ಅನುಕ್ರಮವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೊದಲ ನಾಲ್ಕನ್ನು ಪರೀಕ್ಷಿಸದೆ ಐದನೆಯದನ್ನು ಹೆಸರಿಸುವುದು ಭಕ್ತಿಯಲ್ಲ, ಅರ್ಧಕ್ಕೇ ನಿಲ್ಲಿಸಿದ ವಿಚಾರಣೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದಕ್ಕೆ ಬಲಗಾಲಿನ ಕಡೆ ಎರಡು ಬ್ರೇಕ್ ಪೆಡಲ್, ಎಡ ಗಾಲಿಗೊಂದು, ಬಲ ಗಾಲಿಗೊಂದು. ಗದ್ದೆಯ ಮೂಲೆಯಲ್ಲಿ ಒಂದನ್ನು ಮಾತ್ರ ಒತ್ತಿದರೆ ಯಂತ್ರ ಇದ್ದಲ್ಲೇ ತಿರುಗುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಲಾಕ್ ಹಾಕಿ ಒಂದು ಮಾಡಬೇಕು. ಲಾಕ್ ಮರೆತು, ವೇಗದಲ್ಲಿರುವಾಗ ಗಾಬರಿಯಿಂದ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ನಿಲ್ಲುವ ಬದಲು ಆ ಕಡೆಗೆ ಎಳೆದು ಮಗುಚುತ್ತದೆ. ಕೆಸರುಗದ್ದೆಯಲ್ಲಿ ಕೇಜ್ ವೀಲ್ ಹಾಕಿ ದುಡಿದ ಹಳೆಯ ಟ್ರ್ಯಾಕ್ಟರಿನ ಒಣ ಡಿಸ್ಕ್ ಬ್ರೇಕಿನೊಳಗೆ ರಾಡಿ ನೀರು ಇಳಿದಿರುತ್ತದೆ. ಆಕ್ಸಲ್ ಸೀಲ್ ಸವೆದಿದ್ದರೆ ಲೈನಿಂಗಿಗೆ ಆಯಿಲ್ ಮೆತ್ತಿರುತ್ತದೆ. ಆಗ ಪೆಡಲ್ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯದೆ ಜಾರುತ್ತದೆ. ಮೇಲಾಗಿ ಟ್ರೇಲರ್. ಬಹುತೇಕ ಟ್ರೇಲರುಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. ಭತ್ತದ ಚೀಲ ತುಂಬಿದ ಅದರ ಭಾರವೆಲ್ಲ ಇಳಿಜಾರಿನಲ್ಲಿ ಹಿಂದಿನಿಂದ ಟ್ರ್ಯಾಕ್ಟರನ್ನು ನೂಕುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿದವನಿಗೆ ಇಂಜಿನ್ನಿನ ಹಿಡಿತವೂ ಸಿಗುವುದಿಲ್ಲ. ಕಾಲುವೆ ಸೇತುವೆಯ ಬಳಿ ಹೀಗೊಂದು ಟ್ರ್ಯಾಕ್ಟರ್ ಉರುಳಿತೆಂದರೆ ಇಳಿಜಾರು ಅಧಿಷ್ಠಾನ, ಚಾಲಕ ಕರ್ತೃ, ಆಯಿಲ್ ಮೆತ್ತಿದ ಲೈನಿಂಗ್ ಕರಣ, ಹಾಕದ ಲಾಕ್ ಮತ್ತು ನ್ಯೂಟ್ರಲ್ ಗೇರು ಚೇಷ್ಟೆ. ಇಷ್ಟು ಕಣ್ಣೆದುರಿಗೇ ಇರುವಾಗ ನಾವು ಆಕಾಶದ ಕಡೆ ಕೈ ತೋರಿಸುತ್ತೇವೆ.

'ಆದರೆ ಅದು ದಿಢೀರನೆ ಆಯಿತಲ್ಲ' ಎನ್ನುವವರಿದ್ದಾರೆ. ಬ್ರೇಕು ದಿಢೀರನೆ ಕೈಕೊಡುವುದು ಬಹಳ ಅಪರೂಪ. ಹೈಡ್ರಾಲಿಕ್ ಬ್ರೇಕಿರುವ ಜೀಪು, ಕಾರುಗಳಲ್ಲಿ ಪೆಡಲ್ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿದೆ. ಕಾಲು ಒತ್ತಿಹಿಡಿದಾಗ ಪೆಡಲ್ ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಸವೆದಿದೆ. ಗಾಡಿ ಒಂದೇ ಕಡೆಗೆ ಎಳೆದರೆ ಒಂದು ಗಾಲಿ ಹಿಡಿಯುತ್ತಿದೆ, ಇನ್ನೊಂದು ಹಿಡಿಯುತ್ತಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಸೀದಾ ನೆಲಕ್ಕೆ ಮುಟ್ಟುತ್ತದೆ. ಆ ಕ್ಷಣ ದಿಢೀರ್ ನಿಜ, ಅದಕ್ಕೆ ಕಾರಣವಾದ ತೇವ ಸೇರಿದ್ದು ಮಾತ್ರ ವರ್ಷಗಟ್ಟಲೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮುಖ್ಯ. 1955ರಿಂದ 1962ರವರೆಗೆ ತಯಾರಾದ ಎಂಜಿಎಯಂಥ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ನಾಲ್ಕೂ ಗಾಲಿಗಳ ಬ್ರೇಕಿಗೆ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಹೋದಂತೆ. ಮುಂದೆ ಬಂದ ಕಾರುಗಳಲ್ಲಿ ಎರಡು ಪ್ರತ್ಯೇಕ ಸರ್ಕ್ಯೂಟ್ ಮಾಡಿದರು, ಒಂದು ಸೋರಿದರೂ ಇನ್ನೊಂದು ಗಾಡಿಯನ್ನು ನಿಲ್ಲಿಸುತ್ತದೆ. ಹೋಸ್ ಒಡೆಯುವುದನ್ನು ಪೂರ್ತಿ ತಪ್ಪಿಸಲಾಗದು ಎಂದು ಒಪ್ಪಿಕೊಂಡೇ ಮಾಡಿದ ಏರ್ಪಾಡು ಅದು. ನಿನ್ನೆಯವರೆಗೆ ದೈವವೆಂದು ಕರೆಯಬಹುದಾಗಿದ್ದ ಒಂದು ಸಾವು ಅಲ್ಲಿಂದ ಮುಂದೆ ದೈವವಲ್ಲ. ಅಂದರೆ ದೈವದ ಗಡಿ ಶಾಶ್ವತವಾಗಿ ನೆಟ್ಟ ಕಲ್ಲಲ್ಲ, ನಮ್ಮ ಪ್ರಯತ್ನ ಮುಂದೆ ಹೋದಷ್ಟೂ ಅದು ಹಿಂದೆ ಸರಿಯುತ್ತದೆ. ಮಹಾಭಾರತದ ಅನುಶಾಸನ ಪರ್ವ ದೈವವನ್ನು ಬೀಜಕ್ಕೂ ಪುರುಷಪ್ರಯತ್ನವನ್ನು ಹೊಲಕ್ಕೂ ಹೋಲಿಸಿ, ಹೊಲವಿಲ್ಲದೆ ಬೀಜ ಫಲ ಕೊಡದು ಎನ್ನುತ್ತದೆ. ಭತ್ತ ಬೆಳೆಯುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಹೆದ್ದಾರಿಯ ಮೇಲಿನ ಮಸ್ಕಿಯಲ್ಲಿ ದೈವ, ಪ್ರಯತ್ನಗಳ ಈ ಪ್ರಶ್ನೆಗೆ ಹಳೆಯ ಸಾಕ್ಷ್ಯವೊಂದಿದೆ. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ 1915ರಲ್ಲಿ ಅಲ್ಲಿ ಕಂಡ ಬಂಡೆಶಾಸನ ದೇವಾನಾಂಪ್ರಿಯನೇ ಅಶೋಕನೆಂದು ತಿಳಿಸಿದ್ದಕ್ಕೆ ಪ್ರಸಿದ್ಧ. ನಾವು ಹೆಸರಿನ ಮುಂದೆ ಕೈಮುಗಿದು, ಉಳಿದ ಸಾಲುಗಳನ್ನು ಓದದೆ ಬರುತ್ತೇವೆ. ಧರ್ಮದಲ್ಲಿ ತೊಡಗಿದವನು ಸಾಮಾನ್ಯನಾದರೂ ಉನ್ನತ ಗುರಿಯನ್ನು ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ಆಶಯ. ಹಣೆಯಲ್ಲಿ ಬರೆದದ್ದನ್ನು ಅನುಭವಿಸು ಎಂದು ಆ ಬಂಡೆ ಹೇಳುವುದಿಲ್ಲ.

ಆಯುಧಪೂಜೆಗೆ ನಾನು ವಿರೋಧಿಯೇ ಎಂದು ಕೇಳಬಹುದು. ಅಲ್ಲ. ದುಡಿದು ಅನ್ನ ಕೊಟ್ಟ ಯಂತ್ರವನ್ನು ವರ್ಷಕ್ಕೊಮ್ಮೆ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ನಮಿಸುವುದು ಕೃತಜ್ಞತೆ. ತೊಂದರೆ ಇರುವುದು ಆ ಪೂಜೆಯೇ ಬ್ರೇಕನ್ನೂ ಕಾಯುತ್ತದೆ ಎಂದುಕೊಂಡಾಗ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ. ಮಗನನ್ನು ಕಳೆದುಕೊಂಡ ತಾಯಿಗೆ ಹಣೇಬರಹ ಎಂಬ ಮಾತೊಂದೇ ಆಸರೆ, ಅದನ್ನೂ ಕಿತ್ತುಕೊಂಡರೆ ಆಕೆಗೆ ಉಳಿಯುವುದೇನು? ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆಕೆ ಆ ಮಾತು ಆಡಲಿ, ಅದು ಆಕೆಯ ಹಕ್ಕು. ದುಃಖ ತಾಳಿಕೊಳ್ಳಲು ಬೇಕಾದ ಮಾತು ಒಂದು, ದುಃಖಕ್ಕೆ ಕಾರಣ ಹುಡುಕುವ ಮಾತು ಇನ್ನೊಂದು. ಮಾಲೀಕನ ಬಾಯಲ್ಲಿ ಅದೇ ಮಾತು ಬಂದರೆ ಅದು ಸಮಾಧಾನವಲ್ಲ, ತಪ್ಪಿಸಿಕೊಳ್ಳುವಿಕೆ. ಎಲ್ಲ ನೋಡಿಕೊಂಡ ಮೇಲೂ ಬ್ರೇಕು ಕೈಕೊಡುವುದುಂಟು, ಕಣ್ಣಿಗೆ ಕಾಣದ ಬಿರುಕೊಂದು ಉಕ್ಕಿನೊಳಗೆ ಇರಬಹುದು. ಅದನ್ನು ದೈವವೆನ್ನಲು ನನ್ನ ತಕರಾರಿಲ್ಲ. ನಾಲ್ಕು ಕಾರಣಗಳನ್ನು ತೀರಿಸಿ ಬಂದವನಿಗೆ ಐದನೆಯದರ ಹೆಸರು ಹೇಳುವ ಅಧಿಕಾರವಿದೆ.

ಸುಗ್ಗಿಯ ಅವಸರದಲ್ಲಿ, ಬಾಡಿಗೆ ದುಡಿಮೆಯಲ್ಲಿ ಇಷ್ಟೆಲ್ಲ ನೋಡಲು ಪುರುಸೊತ್ತೆಲ್ಲಿ ಎಂಬ ಮಾತೂ ಬರುತ್ತದೆ. ಅದಕ್ಕೆ ಉತ್ತರ ಹತ್ತಿರದಲ್ಲೇ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಕಾರ್ಮಿಕರು ಹಗ್ಗಕ್ಕೆ ತೂಗುವ ಪಂಜರದಲ್ಲಿ ನೆಲದಾಳಕ್ಕೆ ಇಳಿಯುತ್ತಾರೆ. ಗಣಿಗಳಲ್ಲಿ ಆ ಹಗ್ಗ, ಆ ಯಂತ್ರ, ಅದರ ಬ್ರೇಕನ್ನು ನಿಗದಿಯಾದ ವ್ಯಕ್ತಿ ನಿತ್ಯ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕೆಂಬುದು ಕಾನೂನು. ಉತ್ಪಾದನೆಯ ಅವಸರ ಗಣಿಗೂ ಇದೆ. ನೆಲದ ಕೆಳಗೆ ಇಳಿಯುವವನ ಜೀವಕ್ಕೆ ಕೊಟ್ಟ ಬೆಲೆಯನ್ನು ಟ್ರೇಲರಿನ ಮೇಲೆ ಕುಳಿತು ನಾಟಿಗೆ ಹೋಗುವ ಹೆಣ್ಣುಮಕ್ಕಳ ಜೀವಕ್ಕೆ ಕೊಡದಿರಲು ಯಾವ ಧರ್ಮದಲ್ಲೂ ಕಾರಣವಿಲ್ಲ. ಟ್ರ್ಯಾಕ್ಟರ್ ಇರುವವರಲ್ಲಿ, ಅದರಲ್ಲೂ ಸಂಬಳದ ಚಾಲಕನ ಕೈಗೆ ಕೀ ಕೊಡುವವರಲ್ಲಿ ನನ್ನದೊಂದು ಬಿನ್ನಹ: ಬೆಳಗ್ಗೆ ಗಾಡಿ ಹೊರಡುವ ಮುಂಚೆ ಎರಡು ಪೆಡಲಿಗೂ ಲಾಕ್ ಹಾಕಿಸಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ಒಮ್ಮೆ ಬ್ರೇಕ್ ಹಾಕಿ ನೋಡಿ. ಒಂದು ಕಡೆಗೆ ಎಳೆದರೆ ಅವತ್ತು ಗಾಡಿ ಮೆಕ್ಯಾನಿಕ್ ಹತ್ತಿರ ಹೋಗಲಿ, ರಸ್ತೆಗೆ ಬೇಡ.