ಒಕ್ಕಾಲು ಯಾರದು, ಮುಕ್ಕಾಲು ಯಾರದು?

ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ ಯಾವ ಹಳ್ಳಿಯಲ್ಲಿ ನಡೆದರೂ ಉದ್ಘಾಟನೆಯ ದಿನ ಯಾರಾದರೊಬ್ಬರು ಈ ಗಾದೆ ಹೇಳಿಯೇ ಹೇಳುತ್ತಾರೆ: 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು.' ಪುಸ್ತಕ ಮುಚ್ಚಿಟ್ಟು ಊರು ನೋಡಿ, ಜನರ ಜೊತೆ ಬೆರೆಯಿರಿ ಎಂದು ಹುಡುಗರಿಗೆ ಹೇಳುವ ಬುದ್ಧಿಮಾತು ಅದು. ಆಮೇಲೆ ಏಳು ದಿನ ಚರಂಡಿ ಸ್ವಚ್ಛವಾಗುತ್ತದೆ, ಗುಡಿಯ ಸುತ್ತ ಬೆಳೆದ ಪಾರ್ಥೇನಿಯಂ ಕಿತ್ತು ಹಾಕುತ್ತಾರೆ, ಸಂಜೆ ಹಾಡು-ನಾಟಕ ನಡೆಯುತ್ತದೆ. ಮರುದಿನ ಬಸ್ಸು ಹೊರಡುತ್ತದೆ. ಊರಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು ಒತ್ತುತ್ತಲೇ ಉಳಿಯುತ್ತಾರೆ. ಇದನ್ನು ನೋಡಿದಾಗಲೆಲ್ಲ ಆ ಗಾದೆಯನ್ನು ನಾವು ಅರ್ಧಕ್ಕೇ ಬಿಟ್ಟಿದ್ದೇವೆ ಅನ್ನಿಸುತ್ತದೆ.

ಅದಕ್ಕೆ ಎರಡು ಅರ್ಥ ಚಾಲ್ತಿಯಲ್ಲಿವೆ. ಓದಿಗಿಂತ ಬುದ್ಧಿ ದೊಡ್ಡದು, ಆದ್ದರಿಂದ ಓದು ಬಾರದಿದ್ದರೂ ಬದುಕು ನಡೆಯುತ್ತದೆ ಅನ್ನುವುದು ಒಂದು. ಹೀಗನ್ನುವವರೆಲ್ಲ ಓದಿದವರೇ, ತಮ್ಮ ಮಕ್ಕಳ ವಿಷಯದಲ್ಲಿ ಯಾರೂ ಈ ಮಾತು ಆಡುವುದಿಲ್ಲ. ಅಂಕ ತೆಗೆದ ಹುಡುಗನಿಗೆ ವ್ಯವಹಾರ ಗೊತ್ತಿಲ್ಲವೆಂದು ಚುಚ್ಚುವುದು ಇನ್ನೊಂದು. ಅದು ಕಟ್ಟೆಯ ಹರಟೆಗೆ ಸಾಕು. ಗಾದೆ ಕಟ್ಟಿದವರು ಲೆಕ್ಕ ಬಲ್ಲವರು. ಒಕ್ಕಾಲೂ ಮುಕ್ಕಾಲೂ ಕೂಡಿದರೆ ತಾನೇ ಒಂದು? ಮುಕ್ಕಾಲು ಇದ್ದವರು ಊರಿನಲ್ಲಿದ್ದಾರೆ, ಒಕ್ಕಾಲು ಇದ್ದವರು ಕಾಲೇಜಿನಲ್ಲಿದ್ದಾರೆ. ಇಬ್ಬರೂ ಒಂದೆಡೆ ಕೂರಬೇಕೆಂಬುದೇ ಈ ಮಾತಿನ ತಿರುಳು ಎಂದು ನಾನು ನಂಬಿದ್ದೇನೆ.

ಒಂದು ಸ್ವಸಹಾಯ ಸಂಘದ ಸಭೆ ನೆನಪಾಗುತ್ತದೆ. ಅರವತ್ತರ ಹತ್ತಿರದ ಒಬ್ಬ ತಾಯಿಗೆ ಯಾರ ಸಾಲ ಎಷ್ಟು ಬಾಕಿ, ಯಾರು ಯಾವ ವಾರ ಕಂತು ತಪ್ಪಿಸಿದರು, ಬಡ್ಡಿ ಎಷ್ಟಾಯಿತು, ಎಲ್ಲವೂ ಬಾಯಲ್ಲೇ ಇತ್ತು. ಬೆರಳ ಗೆಣ್ಣು ಎಣಿಸುತ್ತ ಆಕೆ ಹೇಳಿದ ಲೆಕ್ಕ ಒಂದು ರೂಪಾಯಿಯೂ ತಪ್ಪಲಿಲ್ಲ. ಆದರೆ ಪುಸ್ತಕ ಬರೆಯುವಾಕೆ ಬೇರೆ, ಬ್ಯಾಂಕಿಗೆ ಹೋಗುವಾಕೆಯೂ ಅವಳೇ, ಹೀಗಾಗಿ ಯಜಮಾನಿಕೆಯೂ ಅವಳದೇ. ನಡಾವಳಿ ಪುಸ್ತಕದಲ್ಲಿ ಈ ತಾಯಿಯ ಹೆಸರಿನ ಮುಂದೆ ನೀಲಿ ಮಸಿಯ ಹೆಬ್ಬೆಟ್ಟು. ತಾನು ಒಪ್ಪಿದ ಠರಾವು ಏನೆಂಬುದು ಓದಿ ಹೇಳಿದವರ ಬಾಯಿಂದಲೇ ತಿಳಿಯಬೇಕು. ಅವರು ಓದಿದ್ದೇ ನಿಜ. ಈಕೆಗೆ ಬುದ್ಧಿ ಕಡಿಮೆ ಅನ್ನುವ ಧೈರ್ಯ ಯಾರಿಗಿದೆ? ಆದರೂ ಆ ಒಕ್ಕಾಲು ಇಲ್ಲದೆ ಮುಕ್ಕಾಲರ ಹಿಡಿತ ಪರರ ಕೈಗೆ ಹೋಗಿತ್ತು.

ಆಕೆಯಂಥವರು ಒಬ್ಬರಿಬ್ಬರಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75ರ ಆಸುಪಾಸಿನಲ್ಲಿತ್ತು. ದಕ್ಷಿಣ ಕನ್ನಡ ಶೇ. 88 ದಾಟಿತ್ತು, ಯಾದಗಿರಿ ಶೇ. 52ರ ಹತ್ತಿರ ನಿಂತಿತ್ತು, ಅಲ್ಲಿನ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಗೂ ಓದು ಬರಹ ಬರುತ್ತಿರಲಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಬಹಳ ಒಳ್ಳೆಯದು. ಬಸ್ಸಿನ ಬೋರ್ಡು ಓದಲು ಪಕ್ಕದವರನ್ನೇ ಕೇಳಬೇಕಾದ ಸ್ಥಿತಿಯನ್ನು ಮಾತ್ರ ಯಾವ ಟಿಕೆಟ್ಟೂ ಬದಲಿಸಲಾರದು.

ಅದನ್ನು ಬದಲಿಸಲು ಅಕ್ಷರವನ್ನೇ ಕಲಿಸಬೇಕು. ವಿದ್ಯಾರ್ಥಿಗಳಿಂದ ಇಷ್ಟು ದೊಡ್ಡ ಕೆಲಸ ಆದೀತೇ ಎನ್ನುವವರು 1961ರ ಕ್ಯೂಬಾವನ್ನು ನೋಡಬೇಕು. ಆ ವರ್ಷ ಶಾಲೆಗಳನ್ನು ಮುಚ್ಚಿ ಸುಮಾರು ಒಂದು ಲಕ್ಷ ಹುಡುಗ ಹುಡುಗಿಯರನ್ನು ಹಳ್ಳಿಗಳಿಗೆ ಕಳಿಸಿದರು. ಕೈಯಲ್ಲಿ ಒಂದು ಲಾಟೀನು, ಒಂದು ಅಕ್ಷರಪುಸ್ತಕ. ಹಗಲು ರೈತರ ಜೊತೆ ಹೊಲದಲ್ಲಿ ದುಡಿದರು, ರಾತ್ರಿ ಅದೇ ಮನೆಯಲ್ಲಿ ಪಾಠ ಹೇಳಿದರು. ದೊಡ್ಡವರೂ ಅವರ ಜೊತೆ ಕೈಜೋಡಿಸಿದ ಆ ಆಂದೋಲನದಲ್ಲಿ ಒಂದೇ ವರ್ಷಕ್ಕೆ ಏಳು ಲಕ್ಷ ಮಂದಿ ಓದು ಬರಹ ಕಲಿತರು. ಹಗಲು ಕಲಿಯುವವರು ರಾತ್ರಿ ಕಲಿಸುವವರಾದದ್ದೇ ಅಲ್ಲಿನ ಗುಟ್ಟು. ಹೊಲದಲ್ಲಿ ರೈತನೇ ಮೇಷ್ಟ್ರು. ಹಾಗಾಗಿ ದೀಪದ ಬೆಳಕಿನಲ್ಲಿ ಹುಡುಗಿಯ ಮುಂದೆ ಕೂರಲು ಅವನಿಗೆ ಅವಮಾನವಾಗಲಿಲ್ಲ.

ನಮ್ಮಲ್ಲೂ ಏರ್ಪಾಡಿಗೆ ಕೊರತೆಯಿಲ್ಲ. ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ ಶುರುವಾದ ಎನ್ನೆಸ್ಸೆಸ್‌ನಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. 2022ರಿಂದ ನಡೆಯುತ್ತಿರುವ ಉಲ್ಲಾಸ್ ಕಾರ್ಯಕ್ರಮ ಹದಿನೈದು ದಾಟಿದವರಿಗೆ ಅಕ್ಷರ ಕಲಿಸಲು ಸ್ವಯಂಸೇವಕರನ್ನೇ ನಂಬಿದೆ. ಆ 240 ಗಂಟೆಯನ್ನು ನೂರು ಕೆಲಸಕ್ಕೆ ಹಂಚಿ ಯಾವುದನ್ನೂ ಮುಗಿಸದೆ ಬಿಡುತ್ತಿರುವುದೇ ತಪ್ಪು. ಚರಂಡಿಗೆ ಪಂಚಾಯಿತಿ ಇದೆ. ಒಬ್ಬ ವಿದ್ಯಾರ್ಥಿ, ಒಬ್ಬ ಕಲಿಕಾರ್ಥಿ, ಎರಡು ವರ್ಷ: ಇಷ್ಟು ಗಟ್ಟಿಯಾಗಿ ಹಿಡಿದರೆ ಸಾಕು.

ಹಿಡಿಯುವುದು ಸುಲಭವೇನಲ್ಲ. ಎಷ್ಟೋ ಮಂದಿಗೆ ಅಕ್ಷರ ಬಾರದ್ದಕ್ಕಿಂತ ಮೊದಲು ಅಕ್ಷರವೇ ಕಾಣುವುದಿಲ್ಲ. ಸ್ಲೇಟಿಗಿಂತ ಮುಂಚೆ ಚಾಳೀಸು ಕೊಡಿಸಬೇಕು. ಕುಡುಗೋಲು ಹಿಡಿದ ಬೆರಳು ಪೆನ್ಸಿಲನ್ನು ಒತ್ತಿ ಹಿಡಿದು ಮೊನೆ ಮುರಿಯುತ್ತದೆ. ಅ ಆ ಇ ಈ ಅನುಕ್ರಮದಲ್ಲಿ ಹೋದರೆ ಹದಿನೈದು ದಿನ ಕಳೆದರೂ ಒಂದು ಮಾತು ಓದಿದ ಖುಷಿ ಸಿಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುಮಾಡಿದರೆ ಮೊದಲ ವಾರದಲ್ಲೇ 'ಸರ', 'ಗರಗಸ', 'ಅರಸ' ಓದಬಹುದು. ಒತ್ತಕ್ಷರ ಬಂದಾಗ ಅರ್ಧ ಮಂದಿ ತಪ್ಪಿಸಿಕೊಳ್ಳುತ್ತಾರೆ, ಸುಗ್ಗಿ ಬಂದಾಗ ಉಳಿದವರು. ಆಗ ಬೈಯದೆ, ಬಿಡದೆ, ಮತ್ತೆ ಮನೆಗೆ ಹೋಗಿ ಕರೆಯಬೇಕು. ಅದಕ್ಕೇ ಏಳು ದಿನದ ಶಿಬಿರ ಈ ಕೆಲಸಕ್ಕೆ ಸಾಲದು ಅನ್ನುವುದು.

ಇನ್ನೊಂದು ಮಾತು ಹೇಳಲೇಬೇಕು. ಇವತ್ತು ಸರ್ಕಾರಿ ಕಾಲೇಜಿನ ಬೆಂಚಿನ ಮೇಲೆ ಕೂತ ಎಷ್ಟೋ ಮಕ್ಕಳು ಮನೆಯಲ್ಲಿ ಕಾಲೇಜು ಕಂಡ ಮೊದಲಿಗರು. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಪೋಷಕರ ಸಹಿಯ ಜಾಗಕ್ಕೆ ಅವ್ವನ ಹೆಬ್ಬೆಟ್ಟು ಹಾಕಿಸಿ, ಅದನ್ನು ಗೆಳೆಯರಿಗೆ ಕಾಣದಂತೆ ಮಡಿಚಿ ಕೊಡುತ್ತಾರೆ. ಆ ನಾಚಿಕೆ ಆ ಮಗುವಿನದಲ್ಲ, ಶಾಲೆ ಕಟ್ಟಿಸುವುದಕ್ಕೆ ತಡಮಾಡಿದ ನಮ್ಮೆಲ್ಲರದು. ಅಂಥ ಮಗು ಕಲಿಸಲು ಕಾಲೇಜು ದತ್ತು ತೆಗೆದುಕೊಂಡ ಹಳ್ಳಿ ಹುಡುಕಿಕೊಂಡು ಹೋಗಬೇಕಿಲ್ಲ. ರೊಟ್ಟಿ ಬಡಿದು, ಪಾತ್ರೆ ತೊಳೆದು ಅವ್ವ ಕೂರುವುದು ರಾತ್ರಿ ಒಂಬತ್ತಕ್ಕಾದರೆ ಪಾಠವೂ ಒಂಬತ್ತಕ್ಕೇ. ಮೊದಲು ಆಕೆಯ ಹೆಸರು, ಆಮೇಲೆ ಊರಿನ ಹೆಸರು, ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಸಂಘದ ಪಾಸ್‌ಬುಕ್ಕು. ಎನ್ನೆಸ್ಸೆಸ್ ಡೈರಿಯಲ್ಲಿ ಆ ಗಂಟೆಗಳನ್ನೂ ಸೇವೆಯೆಂದು ಬರೆದುಕೊಳ್ಳಲು ಕಾರ್ಯಕ್ರಮಾಧಿಕಾರಿಗಳು ಒಪ್ಪಬೇಕು, ಮುಂದಿನ ವರ್ಷದ ಪ್ರವೇಶದಿಂದಲೇ.