ಸಂಡೂರನ್ನು ಜನವರಿಯಲ್ಲಿ ನೋಡಿ

ಬಳ್ಳಾರಿ ಜಿಲ್ಲೆಯ ಸಂಡೂರಿನ ಗಾಳಿ ಹೇಗಿದೆ ಎಂದು ಯಾರಾದರೂ ಕೇಳಿದರೆ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಎಂದು ತಿರುಗಿ ಕೇಳಬೇಕಾಗುತ್ತದೆ. ‘ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ’ ಎಂದು 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ ಹೇಳಿದರೆಂದು ಊರಿನವರು ಇಂದಿಗೂ ನೆನೆಯುತ್ತಾರೆ. ತಿಂಗಳಂತೂ ಸರಿಯಾಗಿಯೇ ಇದೆ. ಮುಂಗಾರು ತೊಳೆದುಹೋದ ಮೇಲೆ ಕುಮಾರಸ್ವಾಮಿ ಬೆಟ್ಟದ ಇಳಿಜಾರು ಹಸಿರೇರಿ, ದೂರದ ಸಾಲುಗಳೂ ಅಂಚು ಸಮೇತ ಕಾಣುತ್ತವೆ. ಅದೇ ಕಣಿವೆಯನ್ನು ಜನವರಿಯ ಒಂದು ಮುಂಜಾನೆ ಬೆಟ್ಟದ ರಸ್ತೆಯ ತಿರುವಿನಲ್ಲಿ ನಿಂತು ನೋಡಿದ್ದೇನೆ. ಊರಿನ ಮೇಲೆ ಕಂದು ಪದರ ಮಲಗಿತ್ತು. ಒಲೆಗಳ ಹೊಗೆ ಒಂದು ಎತ್ತರದವರೆಗೆ ನೆಟ್ಟಗೆ ಏರಿ, ಅಲ್ಲಿಂದ ಮುಂದೆ ಹೋಗಲಾರದೆ ಅಡ್ಡಡ್ಡ ಹರಡುತ್ತಿತ್ತು. ನಾನು ನಿಂತಲ್ಲಿ ಮಾತ್ರ ಆಕಾಶ ತಿಳಿಯಾಗಿತ್ತು.

ಸಂಡೂರಿನ ಸುತ್ತ ಬೆಟ್ಟಗಳೇ. ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದ ಈ ಸಾಲುಗಳನ್ನು ನಾರಿಹಳ್ಳ ಭೀಮಗಂಡಿ, ಓಬಳಗಂಡಿಗಳಲ್ಲಿ ಕೊರೆದುಕೊಂಡು ಹರಿದಿದೆ. ಗಾಳಿ ಸಲೀಸಾಗಿ ಒಳಹೊರಗೆ ಓಡಾಡಲು ಇಂಥ ಕಿರುದಾರಿಗಳು ಸಾಲವು. ಚಳಿಗಾಲದ ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರು ಹಿಡಿದು ಜಾರಿ ಕಣಿವೆಯ ತಳದಲ್ಲಿ ಸೇರಿಕೊಳ್ಳುತ್ತದೆ. ಅದರ ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಗೆ ಇಟ್ಟ ಮುಚ್ಚಳದಂತೆ ಕೂರುತ್ತದೆ. ಬಿಸಿಲು ಬಲಿತು ನೆಲ ಕಾಯುವವರೆಗೂ ಅದು ಏಳುವುದಿಲ್ಲ. ಅಲ್ಲಿಯವರೆಗೆ ಸೌದೆಯ ಹೊಗೆ, ಸುಟ್ಟ ಕಸದ ಹೊಗೆ, ಗಣಿಯ ಅದಿರು ಹೊರುವ ಲಾರಿಗಳ ಡೀಸೆಲ್ ಹೊಗೆ, ರಸ್ತೆಯ ಕೆಂಪು ಧೂಳು, ಎಲ್ಲವೂ ಜನರ ನಡುವೆಯೇ ಇರುತ್ತವೆ. 1948ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಪುಟ್ಟ ಪಟ್ಟಣದಲ್ಲಿ ಇಂಥದೇ ಮುಚ್ಚಳ ದಿನಗಟ್ಟಲೆ ಏಳಲಿಲ್ಲ. ಅದೂ ನದಿ ಕಣಿವೆಯ ಊರು. ಕಾರ್ಖಾನೆಯ ಹೊಗೆ ಅಲ್ಲೇ ಉಳಿದು 20 ಮಂದಿ ಸತ್ತರು.

ಬೇಸಿಗೆಯ ಕಥೆ ಬೇರೆ. ಕಾದ ನೆಲದ ಗಾಳಿ ಎತ್ತರಕ್ಕೆ ಏಳುವುದರಿಂದ ಹೊಗೆ ಚದುರುತ್ತದೆ, ಆದರೆ ಒಣಗಿದ ಕೆಮ್ಮಣ್ಣೂ ಅದರೊಂದಿಗೆ ಏಳುತ್ತದೆ. ಮಳೆಗಾಲದಲ್ಲಿ ಧೂಳು ಕೆಸರಾಗುತ್ತದೆ. ಆ ಕೆಸರು ಲಾರಿಯ ಗಾಲಿಗೆ ಮೆತ್ತಿಕೊಂಡು ಊರ ರಸ್ತೆಗೆ ಬಂದು, ಹಿಂಗಾರು ಮುಗಿದ ಮೇಲೆ ಮತ್ತೆ ಪುಡಿಯಾಗುತ್ತದೆ. ಕೊಚ್ಚಿಹೋಯಿತು ಎಂದುಕೊಂಡದ್ದು ಎಷ್ಟೋ ಸಲ ಜಾಗ ಬದಲಿಸಿರುತ್ತದೆ ಅಷ್ಟೇ. ಸೆಪ್ಟೆಂಬರ್‌ನ ತಿಳಿಯಾದ ನೋಟ ನೋಡಿ ಊರಿನ ಗಾಳಿ ಚೆನ್ನಾಗಿದೆ ಎನ್ನುವವರು ಈ ರಸ್ತೆಯ ಅಂಚನ್ನೂ ನೋಡಬೇಕು.

ಬೆಟ್ಟ ಧೂಳನ್ನು ಹುಟ್ಟಿಸುವುದಿಲ್ಲ, ನಾವು ಹುಟ್ಟಿಸಿದ್ದನ್ನು ಹಿಡಿದಿಡುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ನಿಂತವು. ಬೆಟ್ಟ ಇದ್ದಲ್ಲೇ ಇತ್ತು, ಚಳಿಗಾಲವೂ ಬಂತು. ಎಲೆಗಳ ಮೇಲೆ ಕೂರಲು ಮೊದಲಿನಷ್ಟು ಕೆಂಪು ಉಳಿದಿರಲಿಲ್ಲ. ಕೂಲಿ ಕಳೆದುಕೊಂಡ ಮನೆಗಳ ಸಂಕಟವೂ ಅಷ್ಟೇ ನಿಜ. ಹಾಗಾಗಿ ಎಲ್ಲವನ್ನೂ ನಿಲ್ಲಿಸಿಬಿಡಿ ಎನ್ನುವ ಸುಲಭದ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಸರಾಸರಿ ಎಂಬ ಲೆಕ್ಕ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 10 ಎಂಬ ಸೂಕ್ಷ್ಮ ಕಣಗಳು ದಿನದ ಸರಾಸರಿಯಲ್ಲಿ 100 ಮೈಕ್ರೋಗ್ರಾಂ, ವರ್ಷದ ಸರಾಸರಿಯಲ್ಲಿ 60 ಮೀರಬಾರದು. ಇನ್ನೂ ಸಣ್ಣದಾದ, ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5ಕ್ಕೆ ಆ ಮಿತಿ 60 ಮತ್ತು 40. ಆದರೆ ಸರಾಸರಿ ಗಾಳಿಯನ್ನು ಯಾರೂ ಉಸಿರಾಡುವುದಿಲ್ಲ. ಮಧ್ಯಾಹ್ನದ ಹಗುರಾದ ಗಾಳಿ ಬೆಳಗಿನ ಗಾಳಿಯ ಲೆಕ್ಕವನ್ನು ಕಾಗದದ ಮೇಲೆ ತಗ್ಗಿಸಬಹುದು, ಎದೆಯೊಳಗೆ ತಗ್ಗಿಸಲಾರದು.

ಮುಚ್ಚಳ ಬಿಗಿಯಾಗಿರುವ ಆ ಹೊತ್ತಿನಲ್ಲಿ ಹೊರಗಿರುವವರು ಯಾರು? ಪೊರಕೆ ಹಿಡಿದ ಪೌರಕಾರ್ಮಿಕರು. ರಾತ್ರಿಯಿಡೀ ನೆಲಕ್ಕೆ ಇಳಿದ ಧೂಳನ್ನು ಅವರ ಕೆಲಸವೇ ಮತ್ತೆ ಎಬ್ಬಿಸುತ್ತದೆ, ಅದೂ ಮೂಗಿನ ಮಟ್ಟಕ್ಕೆ. ಸೌದೆ ಒಲೆ ಹಚ್ಚುವ ಹೆಂಗಸರು, ಹಾಲು ಹಾಕುವ ಹುಡುಗರು, ಲಾರಿ ಕ್ಲೀನರ್‌ಗಳೂ ಅವರ ಜೊತೆಗಿದ್ದಾರೆ. ತಡವಾಗಿ ಕಿಟಕಿ ತೆರೆಯುವ ಮನೆಗೆ ಅದೇ ಊರಿನ ಬೇರೆಯದೇ ಗಾಳಿ ಸಿಗುತ್ತದೆ. ಕಣಿವೆಯ ತಗ್ಗು ಮತ್ತು ದುಡಿಮೆಯ ಹೊತ್ತು ಸೇರಿ ಪಾಲು ಹಂಚುತ್ತವೆ.

ಬೆಟ್ಟವನ್ನು ಸರಿಸಲಾಗದು, ಗಡಿಯಾರವನ್ನು ಸರಿಸಬಹುದು. ನವೆಂಬರ್‌ನಿಂದ ಫೆಬ್ರವರಿವರೆಗೆ ಕಸ ಗುಡಿಸುವುದನ್ನು ಬಿಸಿಲೇರಿದ ಮೇಲಕ್ಕೆ ಹಾಕಬಹುದು, ಅದಕ್ಕೂ ಮೊದಲು ರಸ್ತೆಗೆ ನೀರು ಚಿಮುಕಿಸಬಹುದು. ಅದಿರಿನ ಲಾರಿಗಳನ್ನು ಆ ಕೆಲವು ಗಂಟೆ ಊರಾಚೆ ತಡೆದು, ಗಾಲಿ ತೊಳೆದು ಬಿಡಬಹುದು. ಬೀದಿ ಬದಿ ಕಸಕ್ಕೆ ಬೆಂಕಿ ಇಡುವುದನ್ನಂತೂ ಪೂರಾ ನಿಲ್ಲಿಸಬೇಕು. ಅದಿರು ಮೂರು ಗಂಟೆ ತಡವಾಗಿ ಕಾರ್ಖಾನೆ ಸೇರಿದರೆ ಯಾರಿಗೆ ಎಷ್ಟು ನಷ್ಟ ಎಂಬ ಲೆಕ್ಕವನ್ನು ತೆಗೆಯುವಾಗ, ಪೊರಕೆ ಹಿಡಿದವರ ಆಸ್ಪತ್ರೆ ಚೀಟಿಗಳನ್ನೂ ಅದೇ ಮೇಜಿನ ಮೇಲೆ ಇಡಬೇಕು.