ಅಂಗಾತ ಮಲಗಿದ ಮೊಲ

ಮೊಲವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದರೆ ಮಿಸುಕಾಡುವುದಿಲ್ಲ. ‘ನೋಡಿ, ಎಷ್ಟು ಹಾಯಾಗಿದೆ!’ ಎಂದು ಸಾಕಿದವರು ಹಿಗ್ಗುತ್ತಾರೆ. ಅಸಲಿಗೆ ಅದು ಹಾಯಲ್ಲ; ಬೇಟೆಯಾಡುವ ಪ್ರಾಣಿಯ ಹಿಡಿತಕ್ಕೆ ಸಿಕ್ಕಾಗ ಮೈ ಮರಗಟ್ಟುವಂಥ ಭಯ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಹಲ್ಲಿನ ಸದ್ದೂ ಹಾಗೇ. ತಲೆ ಸವರುವಾಗ ಮೆಲ್ಲಗೆ ಕಟಕಟ ಎಂದರೆ ಸುಖ. ಮುದುಡಿ ಕೂತು, ಕಣ್ಣು ಅರೆಮುಚ್ಚಿ, ಜೋರಾಗಿ ಹಲ್ಲು ಕಡಿದರೆ ನೋವು.

ಇನ್ನೊಂದು ಜೀವದ ಒಳಗನ್ನು ಅರಿಯಲಾದೀತೇ? 1974ರಲ್ಲಿ ತತ್ವಜ್ಞಾನಿ ಥಾಮಸ್ ನೇಗಲ್ ಬಾವಲಿಯನ್ನು ಮುಂದಿಟ್ಟು, ಅದರ ಅನುಭವ ನಮಗೆ ದಕ್ಕದು ಎಂದು ವಾದಿಸಿದರು. ಜೈನ ದರ್ಶನ ಬೇರೆ ಕಡೆಯಿಂದ ಹೊರಡುತ್ತದೆ: ಇಂದ್ರಿಯಗಳನ್ನು ಎಣಿಸಿ, ಮೊಲವನ್ನೂ ಮನುಷ್ಯನನ್ನೂ ಪಂಚೇಂದ್ರಿಯ ಜೀವಿಗಳ ಒಂದೇ ಸಾಲಿನಲ್ಲಿ ಕೂರಿಸುತ್ತದೆ.

ಇತ್ತ ತೊಡೆಯಿಂದ ಬಿಡಿಸಿಕೊಂಡ ಮೊಲ ಮಂಚದಡಿ ನುಗ್ಗಿ, ಹಿಂಗಾಲಿನಿಂದ ಧಪ್ಪೆಂದು ನೆಲ ಬಡಿಯುತ್ತದೆ.